ಒಳಗಿದ್ದ ದಿನಗಳ ಲೆಕ್ಕ

2021ರ ಜನವರಿ 27. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಮುಂದೆ ಓಬಿ ವ್ಯಾನುಗಳ ಸಾಲು. ಜಯಲಲಿತಾ ಅವರ ಆಪ್ತೆ ವಿ.ಕೆ. ಶಶಿಕಲಾ ಕೊರೊನಾ ಬಂದು ಅಲ್ಲಿ ದಾಖಲಾಗಿದ್ದರು. ಪರಪ್ಪನ ಅಗ್ರಹಾರದ ಜೈಲು ಅಧಿಕಾರಿಗಳು ಆಸ್ಪತ್ರೆಗೇ ಬಂದು, ಕಾಗದಪತ್ರಕ್ಕೆ ಸಹಿ ಹಾಕಿಸಿಕೊಂಡು ಬಿಡುಗಡೆ ಪ್ರಕ್ರಿಯೆ ಮುಗಿಸಿದರು. ಆಸ್ಪತ್ರೆಯಲ್ಲಿ ಮಲಗಿದ್ದ ಕೈದಿ ಅಲ್ಲೇ ಸ್ವತಂತ್ರರಾದರು.

ಅವತ್ತು ಹಲವು ವೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ. ಸ್ವಾಮಿ, ಈಕೆ ಜೈಲಿಗೆ ಬಂದು ಶರಣಾಗಿದ್ದು 2017ರ ಫೆಬ್ರವರಿ 15ಕ್ಕೆ. ಶಿಕ್ಷೆ ನಾಲ್ಕು ವರ್ಷ. ಬೆರಳು ಮಡಚಿ ಎಣಿಸಿದರೂ ಫೆಬ್ರವರಿ 14 ಆಗಬೇಕಲ್ಲ? 18 ದಿನ ಮೊದಲೇ ಹೇಗೆ ಬಿಟ್ರು? ದುಡ್ಡು ಕೆಲಸ ಮಾಡ್ತಾ? ಮೇಲಿಂದ ಫೋನ್ ಬಂತಾ?

ಎರಡೂ ಅಲ್ಲ. ಇದು ಬರೀ ಕೂಡೋ ಕಳೆಯೋ ಲೆಕ್ಕ. ಇದೇ ಕೇಸಿನಲ್ಲಿ ಈ ಮೊದಲು ಅವರು ಒಳಗಿದ್ದ ದಿನಗಳನ್ನು ನಾಲ್ಕು ವರ್ಷದಿಂದ ಕಳೆದರು. ನಡುವೆ ಪೆರೋಲ್ ಮೇಲೆ ಹೊರಗೆ ಹೋಗಿಬಂದ ದಿನಗಳನ್ನು ಮತ್ತೆ ಸೇರಿಸಿದರು. ಉಳಿದದ್ದು ಜನವರಿ 27. 2014ರ ಸೆಪ್ಟೆಂಬರ್ 27ಕ್ಕೆ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಜಯಲಲಿತಾ ಜೊತೆ ಅವರೂ ಪರಪ್ಪನ ಅಗ್ರಹಾರಕ್ಕೆ ಹೋಗಿ, ಜಾಮೀನು ಸಿಗುವವರೆಗೆ ಸುಮಾರು ಮೂರು ವಾರ ಇದ್ದದ್ದು ನಿಮಗೆ ನೆನಪಿರಬಹುದು. ಆ ದಿನಗಳೂ ಈ ಲೆಕ್ಕಕ್ಕೆ ಬಂದವು.

ಟೀವಿ ಪರದೆ ಕೆಳಗೆ ಓಡುವ ನಾಲ್ಕು ಅಕ್ಷರಗಳಲ್ಲಿ ಇದನ್ನೆಲ್ಲ ಬಿಡಿಸಿ ಹೇಳೋಕೆ ಜಾಗ ಇರೋದಿಲ್ಲ. ‘ಅವಧಿಗೆ ಮುನ್ನ ಬಿಡುಗಡೆ’ ಅಂತ ಹಾಕಿದರೆ ನೋಡುವವರ ರಕ್ತ ಕುದಿಯುತ್ತದೆ. ಹಾಗಾಗಿ ಇವತ್ತು ಸ್ವಲ್ಪ ನಿಧಾನವಾಗಿ ಕೂತು ಈ ಲೆಕ್ಕ ನೋಡೋಣ. ಯಾಕಂದ್ರೆ ಇದರಿಂದ ದೊಡ್ಡವರಿಗೆ ಉಳಿಯೋದು ಹದಿನೆಂಟು ದಿನ. ಬಡವರ ಮಟ್ಟಿಗೆ ಇದು ಎಷ್ಟೋ ಸಲ ಇಡೀ ಶಿಕ್ಷೆಯ ಲೆಕ್ಕ.

ಕೋರ್ಟಿನ ಭಾಷೆಯಲ್ಲಿ ಇದಕ್ಕೆ ‘ಸೆಟ್ ಆಫ್’ ಅಂತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ವಜಾ ಹಾಕೋದು. ಬಡಗಿಗೆ ಬಾಗಿಲು ಮಾಡೋಕೆ ಹೇಳಿ ಎರಡು ಸಾವಿರ ಅಡ್ವಾನ್ಸ್ ಕೊಟ್ಟಿರ್ತೀರಿ. ಕೆಲಸ ಮುಗಿದು ಐದು ಸಾವಿರ ಬಿಲ್ ಆದರೆ ಎರಡು ಸಾವಿರ ವಜಾ ಹಾಕಿ ಮೂರು ಕೊಡ್ತೀರಿ. ಐದಕ್ಕೆ ಐದೂ ಕೊಡಿ ಅಂತ ಅವನು ಕೇಳಿದರೆ ಒಪ್ತೀರಾ? ಜೈಲಿನ ವಿಷಯದಲ್ಲಿ ಈ ಅಡ್ವಾನ್ಸನ್ನು ಆರೋಪಿ ತಾನಾಗಿ ಕೊಟ್ಟಿರೋದಿಲ್ಲ. ಪೊಲೀಸರು ಹಿಡಿದ ದಿನದಿಂದ, ಠಾಣೆಯ ಕಸ್ಟಡಿ ಇರಲಿ, ಜೈಲಿನ ನ್ಯಾಯಾಂಗ ಬಂಧನ ಇರಲಿ, ಅವನಿಂದ ಅದು ವಸೂಲಾಗಿರುತ್ತದೆ. ಕೊನೆಗೆ ಅಪರಾಧಿ ಅಂತ ತೀರ್ಪಾಗಿ ಮೂರು ವರ್ಷ ಶಿಕ್ಷೆ ಬಂದರೆ, ತೀರ್ಪಿಗೆ ಮುಂಚೆ ಒಳಗಿದ್ದ ದಿನಗಳನ್ನು ಅದರಲ್ಲಿ ಕಳೆಯಬೇಕು.

ಇದು ನ್ಯಾಯಾಧೀಶರು ದೊಡ್ಡ ಮನಸ್ಸು ಮಾಡಿ ಕೊಡುವ ರಿಯಾಯಿತಿ ಅಲ್ಲ. ಕಾನೂನೇ ಹೇಳಿದ ಹಕ್ಕು. 1973ರ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿ ಇದು 428ನೇ ಕಲಮು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 468. ನಂಬರ್ ಬದಲಾಗಿದೆ, ಒಳಗಿನ ಸರಕು ಅದೇ.

ಹಾಗಂತ ಇದು ಅನಾದಿ ಕಾಲದಿಂದ ಇದ್ದ ನಿಯಮ ಅಂದ್ಕೋಬೇಡಿ. ಬ್ರಿಟಿಷರು 1898ರಲ್ಲಿ ಮಾಡಿಟ್ಟ ಸಂಹಿತೆಯಲ್ಲಿ ಈ ಕಲಮೇ ಇರಲಿಲ್ಲ. ಎರಡು ವರ್ಷ ವಿಚಾರಣೆ ನಡೆಯೋವಾಗ ಒಳಗಿದ್ದವನಿಗೆ ಒಂದು ವರ್ಷ ಶಿಕ್ಷೆಯಾದರೆ ಆ ಒಂದು ವರ್ಷ ತೀರ್ಪಿನ ದಿನದಿಂದಲೇ ಶುರು. ನ್ಯಾಯಾಧೀಶರಿಗೆ ಅಯ್ಯೋ ಅನ್ನಿಸಿದರೆ ಶಿಕ್ಷೆಯನ್ನು ಸ್ವಲ್ಪ ಕಮ್ಮಿ ಮಾಡಬಹುದಿತ್ತು, ಅಷ್ಟೇ. ಸ್ವಾತಂತ್ರ್ಯ ಬಂದ ಮೇಲೂ ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ಹೀಗೇ ನಡೆಯಿತು. ಹೊಸ ಸಂಹಿತೆಯ ಮಸೂದೆ ಸಂಸತ್ತಿನ ಜಂಟಿ ಸಮಿತಿ ಮುಂದೆ ಬಂದಾಗ ಸಮಿತಿಯವರ ಕಣ್ಣಿಗೆ ಬಿದ್ದದ್ದು ಇದು: ಬಹಳ ಜನ ವಿಚಾರಣಾಧೀನ ಕೈದಿಗಳಾಗಿಯೇ ವರ್ಷಗಟ್ಟಲೆ ಕೊಳೆಯುತ್ತಿದ್ದಾರೆ, ಕಡೆಗೆ ಅವರಿಗೆ ಬರೋ ಶಿಕ್ಷೆ ಅವರು ಈಗಾಗಲೇ ಕಳೆದ ಕಾಲದ ಒಂದು ಚೂರು. ಹಾಗಾಗಿ 428 ಬಂತು, 1974ರ ಏಪ್ರಿಲ್ 1ರಿಂದ ಜಾರಿ ಆಯಿತು. ಅದಕ್ಕೆ ಮುಂಚೆಯೇ ಶಿಕ್ಷೆಯಾಗಿ ಆ ದಿನ ಇನ್ನೂ ಜೈಲಲ್ಲಿದ್ದವರಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟ್ ಆರಂಭದಲ್ಲೇ ಹೇಳಿತು.

ನಮ್ಮ ಕೊಡಗಿನ ಕಡೆಯ ಸೈನಿಕ ಕುಟುಂಬದವರಿಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಕೋರ್ಟ್ ಮಾರ್ಷಲ್ ಆದವರಿಗೆ 428 ಅನ್ವಯಿಸೋದಿಲ್ಲ ಅಂತ 1987ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸೇನಾ ಕಾಯ್ದೆ ಬೇರೆ, ಅದರಲ್ಲಿ ಇಂಥ ಕಲಮು ಇರಲಿಲ್ಲ. ಆಮೇಲೆ 1992ರಲ್ಲಿ ಸೇನಾ ಕಾಯ್ದೆಗೇ ತಿದ್ದುಪಡಿ ಮಾಡಿ ಅಲ್ಲೂ ಸೇರಿಸಿದರು.

ಸರಿ, ಲೆಕ್ಕಕ್ಕೆ ಬರೋಣ. ಮೊದಲ ನಿಯಮ: ಅದೇ ಕೇಸು. ಯಾವ ಕೇಸಿನಲ್ಲಿ ಶಿಕ್ಷೆ ಆಯಿತೋ ಅದೇ ಕೇಸಿನ ತನಿಖೆ ಅಥವಾ ವಿಚಾರಣೆಗಾಗಿ ಒಳಗಿದ್ದ ದಿನ ಮಾತ್ರ ಕಳೆಯೋದು. ಮುಂಜಾಗ್ರತಾ ಬಂಧನದಲ್ಲಿ ಇದ್ದ ದಿನ ಬರೋದಿಲ್ಲ. ನಮ್ಮಲ್ಲಿ ಗೂಂಡಾ ಕಾಯ್ದೆ ಅಂತೀವಲ್ಲ, ಹಿಂದೆ ಮೀಸಾ ಅಂತ ಇತ್ತಲ್ಲ, ಆ ಥರದ್ದು. 1977ರಲ್ಲೇ ಆಂಧ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಮನುಷ್ಯ ಒಂದೇ, ಜೈಲು ಒಂದೇ, ಆದರೆ ಬಂಧನದ ಕಾರಣ ಬೇರೆ. ಆದ್ದರಿಂದ ಲೆಕ್ಕವೂ ಬೇರೆ.

ಎರಡು ಕೇಸಿನಲ್ಲಿ ಒಟ್ಟಿಗೇ ಒಳಗಿದ್ದರೆ? ಇಲ್ಲಿ ಬಹಳ ವರ್ಷ ಗೊಂದಲ ಇತ್ತು. ಒಂದೇ ದಿನವನ್ನು ಎರಡು ಶಿಕ್ಷೆಯಿಂದ ಕಳೆಯೋದು ಅಂದ್ರೆ ಒಂದೇ ರಸೀದಿ ತೋರಿಸಿ ಎರಡು ಅಂಗಡಿಯಲ್ಲಿ ಸಾಮಾನು ತಗೊಂಡ ಹಾಗೆ ಅಲ್ವಾ ಅನ್ನೋದು ಒಂದು ವಾದ. 2001ರಲ್ಲಿ ಮಹಾರಾಷ್ಟ್ರದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿತು: ಎರಡೂ ಕೇಸಿನಲ್ಲಿ ಏಕಕಾಲಕ್ಕೆ ವಿಚಾರಣಾಧೀನ ಕೈದಿಯಾಗಿದ್ದರೆ ಎರಡರಲ್ಲೂ ಕಳೆಯಬೇಕು. ಕಾನೂನು ‘ಅದೇ ಕೇಸು’ ಅಂದಿದೆ, ‘ಅದೊಂದೇ ಕೇಸು’ ಅಂದಿಲ್ಲ ಅನ್ನೋದು ಅದರ ತಿರುಳು.

ಇದರಲ್ಲಿ ಒಂದು ಸೂಕ್ಷ್ಮ ಇದೆ, ವಕೀಲರಿಗೆ ಗೊತ್ತು, ಆರೋಪಿ ಮನೆಯವರಿಗೆ ಗೊತ್ತಿರೋದಿಲ್ಲ. ಒಬ್ಬನ ಮೇಲೆ ಎರಡು ಕೇಸು. ಮೊದಲನೆಯದರಲ್ಲಿ ಜಾಮೀನು ಇಲ್ಲ, ಒಳಗಿದ್ದಾನೆ. ಎರಡನೆಯದರಲ್ಲಿ ಮನೆಯವರು ಕಷ್ಟಪಟ್ಟು ಜಾಮೀನು ತಂದು ಬಾಂಡ್ ಕೊಟ್ಟರು. ಒಳ್ಳೇದಾಯ್ತು ಅಂದ್ಕೊಂಡರು. ಆದರೆ ಮನುಷ್ಯ ಹೊರಗೆ ಬರಲಿಲ್ಲ, ಮೊದಲ ಕೇಸಿದೆಯಲ್ಲ! ಆವತ್ತಿನಿಂದ ಕಾಗದದ ಮೇಲೆ ಅವನು ಎರಡನೇ ಕೇಸಿನಲ್ಲಿ ಹೊರಗಿದ್ದಾನೆ. ನಾಳೆ ಎರಡನೇ ಕೇಸಿನಲ್ಲಿ ಶಿಕ್ಷೆಯಾದರೆ ಈ ದಿನಗಳು ಅಲ್ಲಿ ಜಮಾ ಆಗೋದಿಲ್ಲ. ಇದೇ ರೀತಿ, ಬೇರೆ ಊರಿನ ಕೇಸಿಗೆ ಬಾಡಿ ವಾರೆಂಟ್ ಮೇಲೆ ಕೋರ್ಟಿಗೆ ಕರೆತಂದು ವಾಪಸ್ ಬಿಡುತ್ತಿದ್ದರೆ, ಆ ಕೇಸಿನಲ್ಲಿ ಬಂಧನ ತೋರಿಸಿದ್ದಾರಾ ಇಲ್ಲವಾ ಅಂತ ನೋಡಬೇಕು. ತಿಳಿದ ವಕೀಲರು ಎರಡನೇ ಕೇಸಿನ ಜಾಮೀನು ಬಾಂಡನ್ನು ವಾಪಸ್ ತೆಗೆಸಿ, ಅದರಲ್ಲೂ ಕಸ್ಟಡಿಗೆ ತೆಗೆದುಕೊಳ್ಳಿ ಅಂತ ಅರ್ಜಿ ಹಾಕಿಸ್ತಾರೆ. ಕೇಳೋಕೆ ವಿಚಿತ್ರ ಅನ್ನಿಸುತ್ತದೆ. ಸಿಕ್ಕ ಜಾಮೀನು ಬೇಡ ಅನ್ನೋದು! ಆದರೆ ಲೆಕ್ಕ ಹಾಗಿದೆ.

ಇನ್ನು ಜೀವಾವಧಿ ಶಿಕ್ಷೆ. ಜೀವಾವಧಿ ಅಂದ್ರೆ 14 ವರ್ಷ ಅಂತ ಬಹಳ ಜನ ನಂಬಿದ್ದಾರೆ. ಅಲ್ಲ. ಜೀವ ಇರೋವರೆಗೆ. 14 ವರ್ಷ ಅನ್ನೋದು ಗಂಭೀರ ಪ್ರಕರಣಗಳಲ್ಲಿ ಸರ್ಕಾರ ಬಿಡುಗಡೆ ಬಗ್ಗೆ ಯೋಚಿಸೋಕೂ ಮುಂಚೆ ಕಳೆಯಬೇಕಾದ ಕನಿಷ್ಠ ಅವಧಿ. ಹಾಗಾದರೆ ಕೊನೆಯೇ ಗೊತ್ತಿಲ್ಲದ ಶಿಕ್ಷೆಯಿಂದ ಏನನ್ನ ಕಳೀತೀರಿ? 1982ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯವರಿಗೆ ಈ ಸೌಲಭ್ಯ ಇಲ್ಲ ಅಂದಿತ್ತು. 1985ರಲ್ಲಿ ಭಗೀರಥ್ ಪ್ರಕರಣದಲ್ಲಿ, ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರಿದ್ದ ಸಂವಿಧಾನ ಪೀಠ ಅದನ್ನು ತಿರುಗಿಸಿತು. ಜೀವಾವಧಿಯವರಿಗೂ ಉಂಟು. ಮುಂದೆ ಸರ್ಕಾರ ಶಿಕ್ಷೆ ಇಳಿಸಲು ಹೊರಟಾಗ ಅದು ಲೆಕ್ಕಕ್ಕೆ ಬರುತ್ತದೆ. 2005ರ ತಿದ್ದುಪಡಿಯಲ್ಲಿ ಅದನ್ನು ಕಾನೂನಿನೊಳಗೇ ಬರೆದರು: ವಿಚಾರಣೆ ಕಾಲದ ಜೈಲುವಾಸವನ್ನು ಆ 14 ವರ್ಷದಲ್ಲಿ ಸೇರಿಸಿ ಎಣಿಸಬೇಕು.

ಈಗ ಎಲ್ಲರಿಗೂ ನೆನಪಿರುವ ಸಂಜಯ್ ದತ್ ಲೆಕ್ಕ ನೋಡಿ. ಮುಂಬೈ ಸ್ಫೋಟ ಪ್ರಕರಣದ ತನಿಖೆಯಲ್ಲಿ, ಅಕ್ರಮ ಶಸ್ತ್ರಾಸ್ತ್ರ ಇಟ್ಟುಕೊಂಡ ಆರೋಪದಲ್ಲಿ 1993ರ ಏಪ್ರಿಲ್‌ನಲ್ಲಿ ಬಂಧನ. ಜಾಮೀನಿನ ಮೇಲೆ ಬಂದು ಹೋಗಿ ಎಲ್ಲ ಸೇರಿ ಒಳಗೆ ಕಳೆದದ್ದು ಸುಮಾರು 18 ತಿಂಗಳು. 2013ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಐದು ವರ್ಷಕ್ಕೆ ಇಳಿಸಿತು. ಐದು ವರ್ಷ ಅಂದ್ರೆ 60 ತಿಂಗಳು. 18 ಕಳೆದರೆ 42. ಆ 42 ತಿಂಗಳಿಗೆ ಅವರು 2013ರ ಮೇ ತಿಂಗಳಲ್ಲಿ ಶರಣಾಗಿ ಪುಣೆಯ ಯೆರವಡಾ ಜೈಲಿಗೆ ಹೋದರು. ಲೆಕ್ಕದ ಪ್ರಕಾರ 2016ರ ನವೆಂಬರ್ ಆಗಬೇಕು. ಬಿಡುಗಡೆ ಆಗಿದ್ದು ಫೆಬ್ರವರಿ 25ಕ್ಕೆ. ಈ ಎಂಟು ತಿಂಗಳ ವ್ಯತ್ಯಾಸ ಸೆಟ್ ಆಫ್ ಅಲ್ಲ. ಅದು ಸನ್ನಡತೆಯ ಮಾಫಿ. ಜೈಲಿನ ನಿಯಮದ ಪ್ರಕಾರ ಕೆಲಸ ಮಾಡಿ, ಗಲಾಟೆ ಮಾಡದೆ ಇದ್ದರೆ ಸಿಗುವಂಥದ್ದು. ಅದನ್ನು ಕೊಟ್ಟದ್ದು ಸರಿಯಾ ತಪ್ಪಾ ಅಂತ ಜಗಳ ಆಡಬಹುದು, ಆವಾಗ ದೇಶದ ತುಂಬಾ ಆಡಿದರು ಕೂಡ. ಆದರೆ ಆ ಮೊದಲ 18 ತಿಂಗಳ ಬಗ್ಗೆ ಜಗಳ ಆಡೋಕೆ ಏನೂ ಇಲ್ಲ. ಅದು ಅವರು ನಿಜಕ್ಕೂ ಜೈಲಿನಲ್ಲಿದ್ದ ಕಾಲ.

ಸೆಟ್ ಆಫ್ ಕೊಟ್ಟರೆ ಶಿಕ್ಷೆ ಚಿಕ್ಕದಾಗೋದೂ ಇಲ್ಲ. ಐದು ವರ್ಷ ಅಂದ್ರೆ ದಾಖಲೆಯಲ್ಲಿ ಐದು ವರ್ಷವೇ. ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದವರು ಚುನಾವಣೆಗೆ ನಿಲ್ಲೋ ಹಾಗಿಲ್ಲ, ಬಿಡುಗಡೆಯಾದ ಮೇಲೂ ಆರು ವರ್ಷ ನಿಲ್ಲೋ ಹಾಗಿಲ್ಲ ಅನ್ನೋ ನಿಯಮ ಇದೆಯಲ್ಲ, ಅಲ್ಲಿ ನೋಡೋದು ಶಿಕ್ಷೆ ಎಷ್ಟು ಅಂತ.

ಇಷ್ಟು ಹೊತ್ತು ಹೆಸರಿದ್ದವರ ಕತೆ ಆಯಿತು. ಈಗ ಹೆಸರಿಲ್ಲದವನ ಲೆಕ್ಕ ಹಾಕೋಣ. ಇದು ನಾನು ಉದಾಹರಣೆಗೆ ಕಟ್ಟಿಕೊಂಡದ್ದು, ಆದರೆ ಇದರಲ್ಲಿರುವ ಕಾನೂನು ಕಟ್ಟಿದ್ದಲ್ಲ. ಒಬ್ಬ ಗಾರೆ ಕೆಲಸದವನು, ಊರಿಂದ ಬೆಂಗಳೂರಿಗೆ ಬಂದವನು. ಮೊಬೈಲ್ ಕದ್ದ ಆರೋಪದ ಮೇಲೆ 2022ರ ಮಾರ್ಚ್ 1ಕ್ಕೆ ಬಂಧನ. ಕಳ್ಳತನಕ್ಕೆ ಹೆಚ್ಚೆಂದರೆ ಮೂರು ವರ್ಷ. ಕೋರ್ಟು ಜಾಮೀನು ಕೊಡ್ತು, ಶ್ಯೂರಿಟಿ ತನ್ನಿ ಅಂತು. ಶ್ಯೂರಿಟಿ ಅಂದ್ರೆ ಪಹಣಿ ಬೇಕು, ಇಲ್ಲಾ ಮನೆ ಪತ್ರ ಬೇಕು, ಕೋರ್ಟಿಗೆ ಬಂದು ನಿಲ್ಲೋ ಮನುಷ್ಯ ಬೇಕು. ಇವನ ಕಡೆ ಯಾರೂ ಇಲ್ಲ. ಹೀಗಾಗಿ ಒಳಗೇ ಉಳಿದ. 2023ರ ಮೇ 1ಕ್ಕೆ ತೀರ್ಪು: ಒಂದು ವರ್ಷ ಶಿಕ್ಷೆ, ಐದು ಸಾವಿರ ದಂಡ, ದಂಡ ಕಟ್ಟದಿದ್ದರೆ ಇನ್ನೊಂದು ತಿಂಗಳು. ತೀರ್ಪಿನ ಕೊನೆಗೆ ಒಂದು ಸಾಲು, ಆರೋಪಿಯು 428ರ ಅಡಿ ಸೆಟ್ ಆಫ್‌ಗೆ ಅರ್ಹ.

ಕಳೆಯಿರಿ. ಒಳಗಿದ್ದದ್ದು 14 ತಿಂಗಳು. ಶಿಕ್ಷೆ 12. ಶಿಕ್ಷೆ ಯಾವತ್ತೋ ಮುಗಿದಿದೆ, ಮೇಲೆ ಎರಡು ತಿಂಗಳು ಜಾಸ್ತಿ ಇದ್ದಾನೆ. ಆ ಎರಡು ತಿಂಗಳನ್ನು ಎಲ್ಲಿ ಜಮಾ ಮಾಡ್ತೀರಿ? ಎಲ್ಲೂ ಇಲ್ಲ. ವಾಪಸ್ ಕೊಡೋಕಾಗೋದಿಲ್ಲ, ಬೇರೆ ಕೇಸಿಗೆ ವರ್ಗಾಯಿಸೋಕಾಗೋದಿಲ್ಲ. ಹೋಗಲಿ, ದಂಡಕ್ಕಾದರೂ ಹಿಡಿದುಕೊಳ್ಳಿ ಅಂದರೆ ಅದೂ ಇಲ್ಲ. ದಂಡ ಕಟ್ಟದ್ದಕ್ಕೆ ಕೊಡುವ ಜೈಲುವಾಸದಲ್ಲಿ ಸೆಟ್ ಆಫ್ ಕೂಡದು ಅಂತ 1978ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಸೇರಿಸಿದ್ದಾರೆ. ಅಂದ್ರೆ, ಎರಡು ತಿಂಗಳು ಹೆಚ್ಚುವರಿ ಜೈಲು ಅನುಭವಿಸಿದ ಮನುಷ್ಯ, ಐದು ಸಾವಿರ ಇಲ್ಲದಿದ್ದರೆ ಇನ್ನೂ ಒಂದು ತಿಂಗಳು ಇರಬೇಕು. ಸರ್ಕಾರ ಇವನಿಗೆ ಎರಡು ತಿಂಗಳು ಬಾಕಿ, ಇವನು ಸರ್ಕಾರಕ್ಕೆ ಒಂದು ತಿಂಗಳು ಬಾಕಿ. ವಸೂಲಾಗೋದು ಯಾರಿಂದ ಅಂತ ನಾನು ಹೇಳಬೇಕಾಗಿಲ್ಲ.

ದಂಡದ ಈ ನಿಯಮಕ್ಕೆ ಒಂದು ಅರ್ಥ ಇದೆ, ಇಲ್ಲ ಅಂತ ಹೇಳೋದಿಲ್ಲ. ಕೋಟಿಗಟ್ಟಲೆ ನುಂಗಿದವನು, ನಾನು ಆಗಲೇ ಜೈಲಲ್ಲಿ ಇದ್ದೆ, ದಂಡ ಕಟ್ಟೋದಿಲ್ಲ ಹೋಗಿ ಅನ್ನಬಾರದು. ಶಶಿಕಲಾ ಪ್ರಕರಣದಲ್ಲೇ ಇದು ಕಾಣುತ್ತದೆ. ಅವರಿಗೆ ಹತ್ತು ಕೋಟಿ ದಂಡ ಇತ್ತು, 2020ರ ನವೆಂಬರ್‌ನಲ್ಲಿ ಕಟ್ಟಿದರು, ಜನವರಿಯಲ್ಲಿ ಹೊರಬಂದರು. ಅವರ ಜೊತೆ ಅಷ್ಟೇ ಶಿಕ್ಷೆಯಾದ ವಿ.ಎನ್. ಸುಧಾಕರನ್ ದಂಡ ಕಟ್ಟಲಿಲ್ಲ, ಅದರ ಬದಲಿಗೆ ಹೆಚ್ಚುವರಿ ಒಂದು ವರ್ಷ ಇದ್ದು 2021ರ ಅಕ್ಟೋಬರ್‌ನಲ್ಲಿ ಹೊರಬಂದರು. ಹತ್ತು ಕೋಟಿಯ ವಿಷಯದಲ್ಲಿ ಸರಿಯಾಗಿ ಕೆಲಸ ಮಾಡಿದ ನಿಯಮ ಐದು ಸಾವಿರದ ವಿಷಯದಲ್ಲಿ ಹೀಗಾಗುತ್ತದೆ. ನನ್ನ ಕೇಳಿದರೆ, ಶಿಕ್ಷೆಗಿಂತ ಹೆಚ್ಚು ಕಾಲ ಈಗಾಗಲೇ ಒಳಗಿದ್ದವನಿಗಾದರೂ ಈ ಕಲಮಿನಲ್ಲಿ ಒಂದು ವಿನಾಯಿತಿ ಬರೆಯಬೇಕು. ಅದರಿಂದ ಯಾವ ಭ್ರಷ್ಟನೂ ಪಾರಾಗೋದಿಲ್ಲ.

ಇದು ಎಲ್ಲೋ ಒಂದಿಬ್ಬರ ಕತೆ ಅಂತ ತಳ್ಳಿಹಾಕಬೇಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶ ಪ್ರಕಾರ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು. ಜೈಲು ಅಂದ್ರೆ ಶಿಕ್ಷೆಯಾದವರು ಇರೋ ಜಾಗ ಅಂತ ನಾವು ಅಂದ್ಕೊಂಡಿರ್ತೀವಿ. ಅಲ್ಲಿ ಇರೋ ನಾಲ್ವರಲ್ಲಿ ಮೂವರು ಇನ್ನೂ ಅಪರಾಧಿ ಅಂತ ಯಾರೂ ಹೇಳಿಲ್ಲದವರು.

ಈ ಲೆಕ್ಕದ ಇನ್ನೊಂದು ಮುಖವನ್ನು ನಾನು ಕೋರ್ಟ್ ವರದಿ ಮಾಡುತ್ತಿದ್ದ ಕಾಲದಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಸಣ್ಣಪುಟ್ಟ ಕೇಸು, ಆರೋಪಿ ಎಂಟೊಂಬತ್ತು ತಿಂಗಳಿಂದ ಒಳಗಿದ್ದಾನೆ. ಸಾಕ್ಷಿಗಳು ಬರುತ್ತಿಲ್ಲ, ದಿನಾಂಕದ ಮೇಲೆ ದಿನಾಂಕ. ಯಾರೋ ಕಿವಿಯಲ್ಲಿ ಹೇಳ್ತಾರೆ: ತಪ್ಪೊಪ್ಪಿಕೊಂಡು ಬಿಡಪ್ಪಾ, ಇಲ್ಲಿವರೆಗೆ ಇದ್ದದ್ದನ್ನೇ ಶಿಕ್ಷೆ ಅಂತ ಬರೀತಾರೆ, ಸಂಜೆಗೆ ಮನೆಗೆ ಹೋಗ್ತೀಯ. ಕೇಸು ನಡೆಸ್ತೀನಿ, ನಾನು ನಿರಪರಾಧಿ ಅಂತ ಹಟ ಹಿಡಿದರೆ ಇನ್ನೊಂದು ವರ್ಷ. ಮನೆಯಲ್ಲಿ ಹೆಂಡತಿ ಮಕ್ಕಳು. ನೀವಾದರೆ ಏನು ಮಾಡ್ತೀರಿ? ‘ತಪ್ಪಾಯ್ತು ಸ್ವಾಮಿ’ ಅಂತ ಕೈಮುಗಿದು ಹೊರಗೆ ಬಂದವರಲ್ಲಿ ಎಷ್ಟು ಜನ ನಿಜಕ್ಕೂ ತಪ್ಪು ಮಾಡಿದ್ದರು ಅಂತ ಆ ಕಡತ ನೋಡಿ ಹೇಳೋಕಾಗೋದಿಲ್ಲ. ಅವರ ಹೆಸರಿನ ಮುಂದೆ ಮಾತ್ರ ಶಿಕ್ಷೆಯಾದವನು ಅಂತ ಶಾಶ್ವತವಾಗಿ ಉಳಿಯಿತು. ಮುಂದೆ ಸೆಕ್ಯುರಿಟಿ ಕೆಲಸಕ್ಕೆ ಹೋದರೂ ಪೊಲೀಸ್ ವೆರಿಫಿಕೇಶನ್‌ನಲ್ಲಿ ಅದು ಅಡ್ಡ ಬರುತ್ತದೆ.

ಒಂದು ದಿನಕ್ಕೆ ಒಂದು ದಿನ ಕಳೆಯೋದು ಕೂಡ ಪೂರ್ತಿ ನ್ಯಾಯ ಅಲ್ಲ ಅಂತ ವಾದಿಸುವವರಿದ್ದಾರೆ. ಅವರ ಮಾತಲ್ಲಿ ಹುರುಳಿದೆ. ಸಜಾ ಕೈದಿಗೆ ಕೆಲಸ, ಕೂಲಿ, ಸನ್ನಡತೆಗೆ ಮಾಫಿ ಇರುತ್ತದೆ. ವಿಚಾರಣಾಧೀನನ ಮಾಫಿ ಲೆಕ್ಕ ಸಾಮಾನ್ಯವಾಗಿ ಶುರುವೇ ಆಗಿರೋದಿಲ್ಲ. ಇಬ್ಬರೂ ಒಂದು ವರ್ಷ ಇದ್ದರೆ, ಸಜಾ ಕೈದಿಯ ವರ್ಷಕ್ಕೆ ಬೆಲೆ ಜಾಸ್ತಿ. ಇದನ್ನು ಗಂಭೀರವಾಗಿ ತಗೊಂಡ ದೇಶ ಕೆನಡಾ. ಅಲ್ಲಿನ ನ್ಯಾಯಾಧೀಶರು ಹಿಂದೆ ವಿಚಾರಣೆಗೆ ಮುಂಚಿನ ಒಂದು ದಿನವನ್ನು ಎರಡು ದಿನ ಅಂತ ಹಿಡಿಯೋದು ವಾಡಿಕೆ ಇತ್ತು. ಅಪರಾಧಿಗಳಿಗೆ ಇದು ಅತಿಯಾಯ್ತು ಅಂತ ಕೂಗೆದ್ದು, 2009ರಲ್ಲಿ ಕಾನೂನು ಮಾಡಿ ಸಾಮಾನ್ಯವಾಗಿ ಒಂದಕ್ಕೆ ಒಂದು, ಕಾರಣ ಇದ್ದರೆ ಒಂದಕ್ಕೆ ಒಂದೂವರೆ ಅಂತ ಇಳಿಸಿದರು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಬೇಗ ಬಿಡುಗಡೆಯಾಗುವ ಅವಕಾಶ ಆ ದಿನಗಳಲ್ಲಿ ತಪ್ಪಿಹೋಗೋದೇ ಒಂದೂವರೆ ಕೊಡೋಕೆ ಸಾಕಾದ ಕಾರಣ ಅಂತ ಹೇಳಿತು. ನಾವು ಇನ್ನೂ ಒಂದಕ್ಕೆ ಒಂದರಲ್ಲೇ ಇದ್ದೇವೆ.

ನಮ್ಮಲ್ಲಿ ಆಗಿರುವ ಸುಧಾರಣೆ ಬೇರೆ ಕಡೆ. ತೀರ್ಪಿನ ನಂತರ ಕಳೆಯೋದಕ್ಕಿಂತ ತೀರ್ಪಿಗೆ ಮುಂಚೆಯೇ ಹೊರಗೆ ಬಿಡೋದು. 2006ರಿಂದ ಒಂದು ನಿಯಮ ಬಂತು: ಆ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವನನ್ನು ಜಾಮೀನಿನ ಮೇಲೆ ಬಿಡಬೇಕು. ಹೊಸ ಸಂಹಿತೆಯ 479ನೇ ಕಲಮು, ಹಿಂದೆ ಯಾವತ್ತೂ ಶಿಕ್ಷೆಯಾಗದವನಿಗೆ ಅರ್ಧದ ಬದಲು ಮೂರನೇ ಒಂದು ಭಾಗ ಸಾಕು ಅಂದಿದೆ. ಮರಣದಂಡನೆ ಅಥವಾ ಜೀವಾವಧಿ ವಿಧಿಸಬಹುದಾದ ಅಪರಾಧಗಳಿಗೆ ಇದು ಅನ್ವಯಿಸೋದಿಲ್ಲ. ನಾನು ಹೇಳಿದ ಗಾರೆ ಕೆಲಸದವನಿಗೆ ಈ ನಿಯಮ ಸಿಕ್ಕಿದ್ದರೆ, ಮೂರು ವರ್ಷದ ಮೂರನೇ ಒಂದು, 12 ತಿಂಗಳಿಗೆ ಹೊರಗೆ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಜುಲೈ 1ಕ್ಕೆ ಮುಂಚೆ ದಾಖಲಾದ ಕೇಸುಗಳಿಗೂ ಇದು ಅನ್ವಯ ಅಂತ ಹೇಳಿ, ಜೈಲು ಸೂಪರಿಂಟೆಂಡೆಂಟ್‌ಗಳೇ ಕೋರ್ಟಿಗೆ ಅರ್ಜಿ ಕಳಿಸಬೇಕು ಅಂದಿದೆ. ಆದರೆ ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೆ ಈ ಬಾಗಿಲು ಮುಚ್ಚಿದೆ. ಸಣ್ಣ ಕಳ್ಳತನದಲ್ಲಿ ಒಬ್ಬ ಸಿಕ್ಕಿಬಿದ್ದರೆ ಅವನ ಮೇಲೆ ಎಷ್ಟು ಹಳೇ ಕೇಸು ಹತ್ತಿಕೊಳ್ಳುತ್ತವೆ ಅನ್ನೋದು ಠಾಣೆ ಮೆಟ್ಟಿಲು ಹತ್ತಿದವರಿಗೆ ಗೊತ್ತು.

ಮನೆಯವರು ಯಾರಾದರೂ ಒಳಗಿದ್ದರೆ ಇಷ್ಟು ಮಾಡಿ. ಹಿಡಿದುಕೊಂಡು ಹೋದ ದಿನ, ಕೋರ್ಟಿಗೆ ಹಾಜರುಪಡಿಸಿದ ದಿನ, ಜಾಮೀನಿನ ಮೇಲೆ ಬಂದ ದಿನ, ಮತ್ತೆ ಒಳಗೆ ಹೋಗಿದ್ದರೆ ಆ ದಿನ, ಎಲ್ಲವನ್ನೂ ಕೇಸ್ ನಂಬರ್ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ. ತೀರ್ಪು ಬಂದ ದಿನ ಪ್ರತಿ ಕೈಗೆ ಸಿಕ್ಕ ತಕ್ಷಣ ಸೆಟ್ ಆಫ್ ಸಾಲು ಇದೆಯಾ, ದಿನಾಂಕ ಸರಿ ಇವೆಯಾ ನೋಡಿ. ಜೈಲಿನವರು ಎಣಿಸೋದು ವಾರೆಂಟಿನಲ್ಲಿ ಬರೆದ ದಿನಗಳನ್ನು. ಅಲ್ಲಿ ತಪ್ಪಿದ್ದರೆ ವಕೀಲರ ಮೂಲಕ ಅದೇ ಕೋರ್ಟಿಗೆ ಅರ್ಜಿ ಹಾಕಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಪ್ರತಿ ಜಿಲ್ಲಾ ಕೋರ್ಟಿನಲ್ಲೂ ಇದೆ. ಜೈಲಿನಲ್ಲಿರುವವರಿಗೆ ಅಲ್ಲಿ ಉಚಿತ ವಕೀಲರು ಸಿಗ್ತಾರೆ, ಆದಾಯ ಎಷ್ಟು ಅಂತ ಕೇಳೋ ಹಾಗಿಲ್ಲ. ಜಾಮೀನು ಸಿಕ್ಕೂ ಶ್ಯೂರಿಟಿ ಇಲ್ಲದೆ ಏಳು ದಿನ ದಾಟಿದರೆ, ಜೈಲಿನವರೇ ಆ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ತಿಳಿಸಿದ್ದಾರಾ ಅಂತ ನೀವೂ ಹೋಗಿ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಈ ಲೆಕ್ಕದಲ್ಲಿ ದಿನ ಕಳೆಯಬೇಕು ಅಂದ್ರೆ ಮೊದಲು ಶಿಕ್ಷೆ ಇರಬೇಕು. ಶಿಕ್ಷೆಯೇ ಆಗದವನು? ನಾಲ್ಕು ವರ್ಷ ಒಳಗಿಟ್ಟು, ಐದನೇ ವರ್ಷ ‘ಆರೋಪ ಸಾಬೀತಾಗಿಲ್ಲ, ಖುಲಾಸೆ’ ಅಂದರೆ ಆ ನಾಲ್ಕು ವರ್ಷವನ್ನು ಯಾವುದರಿಂದ ಕಳೀತೀರಿ? ತಪ್ಪು ಮಾಡಿದವನ ದಿನಗಳಿಗೆ ಕಾನೂನಿನಲ್ಲಿ ಕಾಲಂ ಇದೆ. ಮಾಡದವನ ದಿನಗಳಿಗೆ ಇಲ್ಲ.

ಬಿಹಾರದ ರುದುಲ್ ಸಾಹ್ ಪ್ರಕರಣ ಇದಕ್ಕಿಂತ ವಿಪರೀತದ್ದು. 1968ರ ಜೂನ್ 3ಕ್ಕೆ ಅವರು ಖುಲಾಸೆ ಆದರು. ಮುಜಫ್ಫರ್‌ಪುರ ಜೈಲಿನಿಂದ ಹೊರಬಂದದ್ದು 1982ರ ಅಕ್ಟೋಬರ್ 16ಕ್ಕೆ. ಖುಲಾಸೆಯಾದ ಮೇಲೆ 14 ವರ್ಷ! 1983ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ, ಆಗಲೇ ಕೊಟ್ಟಿದ್ದ 5 ಸಾವಿರದ ಜೊತೆಗೆ, ಮಧ್ಯಂತರವಾಗಿ 30 ಸಾವಿರ ರೂಪಾಯಿ ಕೊಡಿಸಿತು. ಕಾನೂನುಬಾಹಿರವಾಗಿ ಇಟ್ಟುಕೊಂಡದ್ದಕ್ಕೆ ಸರ್ಕಾರದಿಂದ ಪರಿಹಾರ ಕೊಡಿಸಿದ ದೊಡ್ಡ ತೀರ್ಪು ಅಂತ ಇವತ್ತಿಗೂ ಕಾನೂನು ಕಾಲೇಜುಗಳಲ್ಲಿ ಪಾಠ ಮಾಡ್ತಾರೆ. ಆದರೆ ಅದು ಖುಲಾಸೆಯ ನಂತರದ ಬಂಧನ. ಕೋರ್ಟಿನ ರಿಮ್ಯಾಂಡ್ ಆದೇಶದ ಮೇಲೆ, ಎಲ್ಲ ಕಾಗದ ಸರಿಯಾಗಿದ್ದು, ಒಳಗಿದ್ದು ಕಡೆಗೆ ನಿರಪರಾಧಿ ಅಂತ ಹೊರಬಂದವನಿಗೆ ಆ ದಾರಿಯೂ ಸುಲಭ ಇಲ್ಲ.

2018ರಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ, ಅನ್ಯಾಯದ ಮೊಕದ್ದಮೆಗೆ ಬಲಿಯಾದವರಿಗೆ ಪರಿಹಾರ ಕೊಡಲು ಪ್ರತ್ಯೇಕ ವ್ಯವಸ್ಥೆ ಬೇಕು, ಸಂಹಿತೆಯಲ್ಲೇ ಒಂದು ಹೊಸ ಅಧ್ಯಾಯ ಸೇರಿಸಿ ಅಂತ ಶಿಫಾರಸು ಮಾಡಿತು. 2023ರಲ್ಲಿ ಇಡೀ ಸಂಹಿತೆಯನ್ನೇ ಹೊಸದಾಗಿ ಬರೆದರು. ಆ ಅಧ್ಯಾಯ ಸೇರಲಿಲ್ಲ. ಹಳೇ ಸಂಹಿತೆಯಿಂದ ಉಳಿದುಕೊಂಡು ಬಂದ ಒಂದು ಕಲಮು ಇದೆ. ಯಾರಾದರೂ ಕಾರಣವಿಲ್ಲದೆ ಪೊಲೀಸರಿಂದ ಇನ್ನೊಬ್ಬನನ್ನು ಬಂಧನ ಮಾಡಿಸಿದರೆ, ಅವನ ಸಮಯ ಮತ್ತು ಖರ್ಚು ಹಾಳಾದದ್ದಕ್ಕೆ ಆ ದೂರು ಕೊಟ್ಟವನಿಂದ ಮ್ಯಾಜಿಸ್ಟ್ರೇಟರು ಪರಿಹಾರ ಕೊಡಿಸಬಹುದು. ಹೆಚ್ಚೆಂದರೆ ಒಂದು ಸಾವಿರ ರೂಪಾಯಿ.